ಅಜ್ಜಿಯ ಮಡಿಲು ನಮ್ಮ ಹಕ್ಕಾ?

ವಾಕ್ಯಭಾಗ: ರೂತಳು 4:13-17

ಹಿಂದೆ ಗೋಡೆಗೆ ಒರಗಿ, ಮೊಮ್ಮಕ್ಕಳನ್ನ ತೊಡೆ ಮೇಲೆ ಮಲಗಿಸಿಕೊಂಡು ಕೂತಿರೋ ಅಜ್ಜಿಯಂದಿರಿಗೆ ವಿಶೇಷವಾಗಿ ವಂದನೆ. ಇವತ್ತಿನ ಮಾತು ನಿಮ್ಮ ಬಗ್ಗೆನೇ.

ಈಗ ಓದಿದ ಭಾಗದಲ್ಲಿ ರೂತಳಿಗೆ ಓಬೇದ ಹುಟ್ಟುತ್ತಾನೆ. ಅವನನ್ನು ಮಡಿಲಿಗೆ ಎತ್ತಿಕೊಂಡು ಸಾಕಿದವಳು ಅಜ್ಜಿ ನೊವೊಮಿ. ಸಾಮಾನ್ಯವಾಗಿ ಇಲ್ಲಿಗೆ ಬಂದಾಗ ನಾವು ದಾವೀದನ ವಂಶಾವಳಿ ಕಡೆ ಓಡಿಬಿಡ್ತೀವಿ. ಇವತ್ತು ಓಡೋದು ಬೇಡ. ಆ ಮಡಿಲ ಹತ್ತಿರ ಸ್ವಲ್ಪ ಹೊತ್ತು ಕೂಡೋಣ.

ನನ್ನ ಪ್ರಶ್ನೆ ಇಷ್ಟು. ಅಜ್ಜಿ ಮೊಮ್ಮಕ್ಕಳನ್ನು ನೋಡಿಕೊಳ್ಳೋದು ಆಕೆಯ ಕರ್ತವ್ಯವೋ, ಆಕೆ ನಮಗೆ ಕೊಡೋ ದಾನವೋ? ಕರ್ತವ್ಯ ಆದರೆ ನಾವು ಅದನ್ನ ಕೇಳಿ ತಗೋಬಹುದು, ಆಗೋದಿಲ್ಲ ಅಂದರೆ ಸಿಟ್ಟು ಮಾಡಬಹುದು. ದಾನ ಆದರೆ ಎರಡೂ ಕೈ ಚಾಚಿ ತಗೋಬೇಕು, ಋಣ ನೆನಪಿಡಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಬಾಯಲ್ಲಿ ದಾನ ಅಂತೀವಿ, ನಡೆಯಲ್ಲಿ ಕರ್ತವ್ಯ ಅಂತ ವಸೂಲಿ ಮಾಡ್ತೀವಿ.

ಮೊದಲನೆಯದಾಗಿ, ಆ ಕೆಲಸವನ್ನು ಸರಿಯಾಗಿ ನೋಡೋಣ. ಕುಂದಗೋಳ, ಅಣ್ಣಿಗೇರಿ ಕಡೆ ಮೆಣಸಿನಕಾಯಿ ಬಿಡಿಸೋ ಕಾಲಕ್ಕೆ, ನವಲಗುಂದದ ಕಡೆ ಹತ್ತಿ ಬಿಡಿಸೋ ಕಾಲಕ್ಕೆ ನಾನು ಮನೆ ಭೇಟಿಗೆ ಹೋದರೆ ಊರಲ್ಲಿ ಪ್ರಾಯದ ಹೆಣ್ಣುಮಕ್ಕಳು ಸಿಗೋದೇ ಕಷ್ಟ. ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿ ಹೊಲಕ್ಕೆ ಹೋಗಿರ್ತಾರೆ. ಮನೆಯಲ್ಲಿ ಉಳಿಯೋದು ಅಜ್ಜಿ ಮತ್ತು ಕೂಸು. ಕೂಸಿಗೆ ಎಣ್ಣೆ ಹಚ್ಚಿ ಎರೆಯೋದು, ಹಾಲಲ್ಲಿ ರೊಟ್ಟಿ ಮುರಿದು ನೆನೆಸಿ ತಿನ್ನಿಸೋದು, ತೊಟ್ಟಿಲು ತೂಗೋದು, ದೊಡ್ಡದನ್ನ ಅಂಗನವಾಡಿಯಿಂದ ಕರಕೊಂಡು ಬರೋದು. ಕೂಸು ಮಲಗಿದ ಮೇಲೂ ಕೈ ಸುಮ್ಮನಿರೋದಿಲ್ಲ. ಹಳೇ ಸೀರೆ, ಹಳೇ ಧೋತರ, ಹರಿದ ಅಂಗಿಯ ತುಂಡು ಹಾಸಿಕೊಂಡು ಕೌದಿ ಹೊಲೀತಾರೆ. ಒಬ್ಬೊಬ್ಬರು ಉಲನ್ ದಾರ ತರಿಸಿ ಚಳಿಗಾಲಕ್ಕೆ ಮೊಮ್ಮಗನಿಗೆ ಟೊಪ್ಪಿಗೆ ಹೆಣೀತಾರೆ. ಕಣ್ಣಿಗೆ ಪೊರೆ ಬಂದಿರುತ್ತೆ, ಸೂಜಿಗೆ ದಾರ ಪೋಣಿಸೋಕೆ ಆಗೋದಿಲ್ಲ. ಶಾಲೆಗೆ ಹೋಗೋ ಮುಂಚೆ ಅಜ್ಜಿಗೆ ಇಡೀ ದಿನಕ್ಕೆ ಸಾಕಾಗಲಿ ಅಂತ ಐದಾರು ಸೂಜಿಗೆ ದಾರ ಪೋಣಿಸಿಟ್ಟು ಹೋಗೋ ಆರು ವರ್ಷದ ಹುಡುಗನನ್ನ ನಾನು ನೋಡಿದೀನಿ.

ಕೌದಿ ಸಣ್ಣ ಕೆಲಸ ಅಲ್ರೀ. ಪದರದ ಮೇಲೆ ಪದರ ಬಟ್ಟೆ ಇಟ್ಟು, ಒತ್ತೊತ್ತಾಗಿ ಸಾಲು ಹಾಕಿಕೊಂಡು ಬರಬೇಕು. ಕೂಸು ಎದ್ದರೆ ಸೂಜಿ ಬಿಡೋದು, ಮಲಗಿದರೆ ಹಿಡಿಯೋದು. ಹೀಗೆ ಒಂದು ಕೌದಿಗೆ ತಿಂಗಳುಗಟ್ಟಲೆ ಹಿಡಿಯುತ್ತೆ. ಕೆಲವು ಮನೆಗಳಲ್ಲಿ ಕೊನೇ ಮೂಲೆ ಮುಚ್ಚೋ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡ್ತಾರೆ, ಕೌದಿ ಹಸಿದಿರಬಾರದು ಅಂತ. ಆ ಪದ್ಧತಿ ನಾವು ಪಾಲಿಸೋದು ಬಿಡೋದು ಬೇರೆ ಮಾತು. ಆದರೆ ಬಟ್ಟೆಯ ಹೊಟ್ಟೆಯನ್ನೂ ನೆನೆಸೋ ಆ ಕೈಗೆ, “ನಿನ್ನ ಊಟ ಆತೇನವ್ವಾ?” ಅಂತ ಕೇಳೋರು ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ?

ಇಷ್ಟೆಲ್ಲ ಮಾಡೋ ಒಬ್ಬ ಅಜ್ಜಿ ನನಗೆ ಹೇಳಿದ್ದು ಏನು ಗೊತ್ತಾ? “ಪಾಸ್ಟರ್ರ, ನಾ ದೇವರ ಕೆಲಸ ಏನೂ ಮಾಡಲಿಲ್ರೀ. ಉಪವಾಸ ಪ್ರಾರ್ಥನಿಗೂ ಬರಾಕ ಆಗವಲ್ತು. ಈ ಕೂಸಿನ್ನ ಆಡಿಸ್ಕೋತ ಕುಂತೀನಿ, ಅಷ್ಟ.” ಆಕೆಗೆ ಹೀಗೆ ಅನ್ನಿಸೋ ಹಾಗೆ ಮಾಡಿದವರು ಯಾರು? ಮನೆಯವರೂ ಸಭೆಯವರೂ ಸೇರಿ ನಾವೇ. ನಮ್ಮ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ.

ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಸಾವಿರಗಟ್ಟಲೆ ಬೆಲೆ ಇದೆ. ನವಲಗುಂದದ ಜಮಖಾನೆಗೆ ಜಿಐ ಮಾನ್ಯತೆ ಸಿಕ್ಕಿದೆ. ಒಳ್ಳೆಯದೇ, ಆ ಕೈಗಳಿಗೆ ಇನ್ನೂ ಹೆಚ್ಚು ಸಿಗಲಿ. ಆದರೆ ತೊಟ್ಟಿಲಿಗೆ ಬೆಲೆ ಇದೆ, ತೂಗೋ ಕೈಗೆ ಇಲ್ಲ. 2019ರಲ್ಲಿ ನಮ್ಮ ದೇಶದಲ್ಲಿ ಸರ್ಕಾರವೇ ಒಂದು ಸಮೀಕ್ಷೆ ಮಾಡಿತ್ತು, ಜನ ದಿನದ ಹೊತ್ತನ್ನ ಹೇಗೆ ಕಳೀತಾರೆ ಅಂತ. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ. ಅದೇ ಕೆಲಸಕ್ಕೆ ಕೈ ಹಾಕೋ ಗಂಡಸರು 97 ನಿಮಿಷ. ಗಂಡಸರೇ, ಯಾರೂ ತಲೆ ತಗ್ಗಿಸಬೇಡ್ರಿ, ಲೆಕ್ಕ ಮಾತ್ರ ತಿಳಕೊಳ್ರಿ.

ಇಲ್ಲಿ ಒಬ್ಬರು ಕೇಳಬಹುದು: “ಪಾಸ್ಟರ್, ಪ್ರೀತಿಗೆ ಲೆಕ್ಕ ಹಚ್ಚೋದು ಸರಿನಾ? ಅಜ್ಜಿಯೇ ಲೆಕ್ಕ ಇಟ್ಟಿಲ್ಲ, ನೀವ್ಯಾಕೆ ಇಡ್ತೀರಿ?” ಒಳ್ಳೇ ಪ್ರಶ್ನೆ. ಹೌದು, ಪ್ರೀತಿಯಿಂದ ಕೊಡೋರು ಲೆಕ್ಕ ಇಡೋದಿಲ್ಲ. ಆದರೆ ತಗೊಂಡೋರು ಆ ಮಾತನ್ನ ತಮಗೆ ಅನುಕೂಲ ಮಾಡಿಕೊಳ್ಳಬಾರದು. ಕೊಡೋ ಕೈ ಮರೀಬೇಕು, ತಗೊಂಡ ಕೈ ನೆನಪಿಡಬೇಕು. ನಾವು ತಿರುವಿಬಿಟ್ಟಿದೀವಿ. ತಗೊಂಡದ್ದನ್ನ ಮರೆತು, ಕೊಡೋದು ಒಂದು ದಿನ ನಿಂತರೆ ಅದನ್ನ ಮಾತ್ರ ನೆನಪಿಡ್ತೀವಿ.

ಎರಡನೆಯದಾಗಿ, ನೊವೊಮಿಯ ಮನೆಯಲ್ಲಿ ಇದು ಹೇಗೆ ನಡೆಯಿತು ನೋಡ್ರಿ. ಮೋವಾಬಿನಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳಕೊಂಡು ಬರಿಗೈಯಲ್ಲಿ ಬೇತ್ಲೆಹೇಮಿಗೆ ಬಂದವಳು ಆಕೆ. ಆಗ ರೂತಳು ಏನು ಮಾಡಿದಳು? ಹೊಲದಲ್ಲಿ ತೆನೆ ಆಯ್ದಳು. ತಾನು ಉಂಡು ಉಳಿದದ್ದನ್ನ ಕಟ್ಟಿಕೊಂಡು ಬಂದು ಅತ್ತೆಗೆ ಕೊಟ್ಟಳು. ಎರಡನೇ ಅಧ್ಯಾಯದಲ್ಲಿ ಸೊಸೆ ಅತ್ತೆಯ ಹೊಟ್ಟೆ ತುಂಬಿಸ್ತಾಳೆ, ನಾಲ್ಕನೇ ಅಧ್ಯಾಯದಲ್ಲಿ ಅತ್ತೆ ಸೊಸೆಯ ಕೂಸನ್ನ ಎತ್ತಿಕೊಳ್ತಾಳೆ. ಈ ಕ್ರಮ ಮರೀಬೇಡ್ರಿ.

ಇನ್ನೊಂದು. ಕೂಸನ್ನ ಆಕೆಯ ಮಡಿಲಿಗೆ ಯಾರೋ ಹಾಕಿ ಹೋದರು ಅಂತ ಇಲ್ಲಿ ಬರೆದಿಲ್ಲ. ಎತ್ತಿಕೊಂಡವಳು ಆಕೆಯೇ. ಮತ್ತೆ ಅದರ ಹಿಂದಿನ ವಚನದಲ್ಲೇ ನೆರೆಮನೆಯ ಹೆಂಗಸರು ಆಕೆಗೆ ಒಂದು ಭರವಸೆ ಕೊಡ್ತಾರೆ: ಮುಪ್ಪಿನಲ್ಲಿ ನಿನ್ನನ್ನ ಸಾಕುವವನು ಇವನೇ ಅಂತ. ಅಜ್ಜಿ ಕೂಸನ್ನ ಸಾಕೋದು, ಕೂಸು ಅಜ್ಜಿಯನ್ನ ಸಾಕೋದು, ಎರಡೂ ಅಕ್ಕಪಕ್ಕದಲ್ಲಿ ಇವೆ. ನಾವು ಹದಿನಾರನೇ ವಚನ ಇಟ್ಟುಕೊಂಡು ಹದಿನೈದನೇ ವಚನ ಕಿತ್ತು ಹಾಕಿದ್ರೆ ಹೇಗೆ?

ಮೂರನೆಯದಾಗಿ ಕಷ್ಟದ ಮಾತು. ಅಜ್ಜಿ “ನನ್ನ ಕೈಲಿ ಆಗೋದಿಲ್ಲ” ಅಂದರೆ ಅದು ಪಾಪವಾ? ಮೊಣಕಾಲು ನೋವು, ಬಿಪಿ, ಸಕ್ಕರೆ ಕಾಯಿಲೆ ಇಟ್ಟುಕೊಂಡು ಓಡಾಡೋ ಮಗುವಿನ ಹಿಂದೆ ದಿನವೆಲ್ಲ ಓಡೋದು ಎಲ್ಲರಿಗೂ ಆಗೋದಿಲ್ಲ. ಮಗುವಿನ ಹೊಣೆ ದೇವರು ಮೊದಲು ಕೊಟ್ಟಿರೋದು ತಂದೆ ತಾಯಿಗೆ. ಆಗೋದಿಲ್ಲ ಅಂದ ಅಜ್ಜಿಗೆ ಪ್ರೀತಿ ಇಲ್ಲ ಅಂತ ತೀರ್ಪು ಕೊಡೋ ಅಧಿಕಾರ ನಮಗಿಲ್ಲ. “ಇಲ್ಲ” ಅನ್ನೋಕೆ ಬಿಡದೇ ಇದ್ದರೆ ಆಕೆಯ “ಹೂಂ” ಅನ್ನೋದಕ್ಕೆ ಏನು ಬೆಲೆ?

ಹಾಗಂತ ಸೊಸೆಯನ್ನ ದೂರಬೇಡ್ರಿ. ಕೂಲಿ ತಪ್ಪಿದರೆ ಆ ದಿನ ಒಲೆ ಹತ್ತೋದಿಲ್ಲ ಅನ್ನೋ ಮನೆಗಳು ನಮ್ಮ ಸಭೆಯಲ್ಲೂ ಇವೆ. ಆಕೆಗೂ ಬೇರೆ ದಾರಿ ಇಲ್ಲ. ಇಬ್ಬರು ಹೆಂಗಸರ ನಡುವೆ ಭಾರ ಹಂಚೋಕೆ ಆಗದೆ ಇಬ್ಬರೂ ಜಗಳ ಆಡ್ತಾರೆ. ಕಟ್ಟೆ ಮೇಲೆ ಕೂತ ಗಂಡಸಿನ ಹೆಸರು ಆ ಜಗಳದಲ್ಲಿ ಬರೋದೇ ಇಲ್ಲ. ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋರ ಚಿಕ್ಕ ಮಕ್ಕಳಿಗೆ ಅಂತ ಕೂಸಿನ ಮನೆ ಶುರು ಮಾಡಿದೆ. ನಿಮ್ಮ ಪಂಚಾಯ್ತಿಯಲ್ಲಿ ಇದ್ದರೆ ವಿಚಾರಿಸ್ರಿ. ಅಲ್ಲಿ ಬಿಟ್ಟರೆ ಅವಮಾನ ಏನಿಲ್ಲ.

ಇದರ ಇನ್ನೊಂದು ಮುಖವೂ ಇದೆ. ನಾಲ್ಕೈದು ವರ್ಷ ಅಜ್ಜಿ ಬೆಳೆಸಿರ್ತಾಳೆ. ಒಂದು ದಿನ ಮಗ ಬಂದು, ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೀಟು ಆಗಿದೆ ಅಂತ ಮಗುವನ್ನ ಕರಕೊಂಡು ಹೋಗ್ತಾನೆ. ಮಗು ಓದಲಿ, ಸಂತೋಷ. ಆದರೆ ಆಕೆಯನ್ನ ಒಂದು ಮಾತು ಕೇಳಿದರಾ? ಕೊಡುವಾಗ ಕೇಳದೇ ಕೊಟ್ಟರು, ಒಯ್ಯುವಾಗ ಕೇಳದೇ ಒಯ್ದರು. ಮರುದಿನ ಆಕೆ ಹೊಲಿಯೋ ಕೌದಿ ಯಾರಿಗಾಗಿ? ಆ ಸೂಜಿಗೆ ದಾರ ಪೋಣಿಸೋರು ಯಾರು? ಈ ದುಃಖಕ್ಕೆ ಊರಲ್ಲಿ ಯಾರೂ ಸಾಂತ್ವನ ಹೇಳೋಕೆ ಬರೋದಿಲ್ಲ, ಯಾಕಂದ್ರೆ ಇದನ್ನ ಯಾರೂ ದುಃಖ ಅಂತ ಎಣಿಸೋದಿಲ್ಲ.

ಹಿರಿಯರಿಗಾಗಿ 2007ರಲ್ಲೇ ಕಾನೂನು ಬಂದಿದೆ. 60 ದಾಟಿದವರಿಗೆ ಜೀವನಕ್ಕೆ ಸಾಲದೇ ಹೋದರೆ ಮಕ್ಕಳಷ್ಟೇ ಅಲ್ಲ, ವಯಸ್ಸಿಗೆ ಬಂದ ಮೊಮ್ಮಕ್ಕಳೂ ನೋಡಿಕೊಳ್ಳಬೇಕು. ತಿಂಗಳಿಗೆ ₹10,000 ಮೀರದಂತೆ ಜೀವನಾಂಶ ಕೊಡಿಸೋ ಅಧಿಕಾರ ನ್ಯಾಯಮಂಡಳಿಗೆ ಇದೆ. ಬೇಕಾದವರು ಅದನ್ನ ಉಪಯೋಗಿಸಲಿ, ತಪ್ಪಲ್ಲ. ಪೌಲನೂ ತಿಮೊಥೆಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ಮಕ್ಕಳು ಮೊಮ್ಮಕ್ಕಳು ಹಿರಿಯರ ಋಣ ತೀರಿಸೋದನ್ನ ಮೊದಲು ಕಲೀಬೇಕು ಅಂತಾನೆ. ಆದರೆ ಅಧಿಕಾರಿ ದುಡ್ಡು ಕೊಡಿಸಬಹುದು, ಪಕ್ಕದಲ್ಲಿ ಕೂತು ಮಾತಾಡೋಕೆ ಮೊಮ್ಮಗನನ್ನ ಕೊಡಿಸೋಕೆ ಆಗೋದಿಲ್ಲ.

ಆದ್ದರಿಂದ ಈ ವಾರ ನಾಲ್ಕು ಕೆಲಸ ಮಾಡ್ರಿ. ಒಂದು, ಅಜ್ಜಿಯನ್ನ ಕೇಳ್ರಿ: “ನಿಮಗ ಆಗ್ತೈತೇನು? ಎಷ್ಟು ತಾಸು ಆಗ್ತೈತಿ?” ಉತ್ತರ ಬರೋ ತನಕ ಸುಮ್ಮನಿರ್ರಿ. ಎರಡು, ಕಣ್ಣು ತೋರಿಸ್ರಿ. ಪೊರೆ ಆಪರೇಷನ್ “ಸುಗ್ಗಿ ಮುಗೀಲಿ” ಅಂತ ಮುಂದಕ್ಕೆ ಹಾಕಬೇಡ್ರಿ. ಮೂರು, ಗೃಹಲಕ್ಷ್ಮಿಯ ₹2,000 ಆಕೆಯ ಖಾತೆಗೆ ಬರ್ತಿದ್ದರೆ ಎಟಿಎಂ ಕಾರ್ಡು ಮಗನ ಕಿಸೆಯಲ್ಲಿ ಇರೋದು ಬೇಡ. ಆ ದುಡ್ಡಿನ ಮಾತು ಆಕೆಯದು. ನಾಲ್ಕು, ವಾರದಲ್ಲಿ ಒಂದು ದಿನ ಕೂಸನ್ನ ಅಪ್ಪ ಎತ್ತಿಕೊಳ್ಳಲಿ. ಆ ದಿನ ಅಜ್ಜಿ ಪ್ರಾರ್ಥನೆಗೆ ಬರಲಿ, ತಂಗಿಯ ಊರಿಗೆ ಹೋಗಲಿ, ಇಲ್ಲಾ ಸುಮ್ಮನೆ ಮಲಗಲಿ. ಸಭೆಯ ಯೌವನಸ್ಥರಿಗೂ ಹೇಳ್ತೀನಿ: ಶುಕ್ರವಾರ ಅಜ್ಜಿಯಂದಿರು ಪ್ರಾರ್ಥನೆಯಲ್ಲಿ ಕೂತಾಗ ಹೊರಗೆ ಮಕ್ಕಳನ್ನ ಆಡಿಸೋಕೆ ಇಬ್ಬರು ನಿಲ್ಲಿರಿ.

ಕೊನೆಯದಾಗಿ ಅಜ್ಜಿಯಂದಿರೇ, ನಿಮಗೊಂದು ಮಾತು. “ನಾ ಏನೂ ಮಾಡಲಿಲ್ಲ” ಅನ್ನಬೇಡ್ರಿ. ತಿಮೊಥೆಯ ಅಜ್ಜಿ ಲೋವಿಯ ಹೆಸರು ಸತ್ಯವೇದದಲ್ಲಿ ಬರೋದು ಒಂದೇ ಸಾರಿ. ಆಕೆ ಪ್ರಸಂಗ ಮಾಡಿದಳು ಅಂತ ಎಲ್ಲೂ ಬರೆದಿಲ್ಲ. ಆದರೆ ಆಕೆಯಲ್ಲಿದ್ದ ನಂಬಿಕೆ ಮಗಳಿಗೆ ಬಂತು, ಮೊಮ್ಮಗನಿಗೂ ಬಂತು ಅಂತ ಪೌಲನೇ ನೆನಪು ಮಾಡ್ತಾನೆ. ನಿಮ್ಮ ಮಡಿಲಲ್ಲಿ ನಡೆಯೋದನ್ನ ದೇವರು ನೋಡ್ತಿದ್ದಾನೆ. ದಣಿವಾದರೆ ದಣಿವಾಗಿದೆ ಅಂತ ಹೇಳ್ರಿ. ಅದೂ ತಪ್ಪಲ್ಲ.

ಪ್ರಾರ್ಥಿಸೋಣ. ಕರ್ತನೇ, ನಮ್ಮನ್ನ ಹೊತ್ತು ಬೆಳೆಸಿದ ಕೈಗಳಿಗಾಗಿ ಸ್ತೋತ್ರ. ಅವು ಕೇಳದೇ ಇದ್ದದ್ದನ್ನ ನಾವಾಗಿಯೇ ಕೊಡೋ ಮನಸ್ಸು ಕೊಡು. ಮಕ್ಕಳು ಊರು ಬಿಟ್ಟು ಮಡಿಲು ಬರಿದಾದ ಮನೆಗಳಲ್ಲಿ ನೀನೇ ಜೊತೆಗಿರು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.