ದೋಷವು ಯಾರದು?

ಚೊಚ್ಚಲ ಮಗು ಸುಖವಾಗಿ ಹುಟ್ಟಿ, ಮುಂದಿನ ಶಿಶುಗಳು ಒಂದರ ಮೇಲೊಂದು ಗರ್ಭದಲ್ಲಿಯೇ ಅಳಿದರೆ, ಇಲ್ಲವೆ ಹುಟ್ಟಿದೊಡನೆ ಕಾಮಾಲೆಯಿಂದ ತೀರಿಕೊಂಡರೆ, ಮನೆಯಲ್ಲಿ ಮೊದಲು ಏಳುವ ಪ್ರಶ್ನೆಯು ದೋಷವು ಯಾರದೆಂಬುದು. ಹಾಸನವಾಗಲಿ, ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ನಾಗದೋಷವೆನ್ನುವವರೂ ಜಾತಕವನ್ನು ತೆಗೆಯುವವರೂ ಇಲ್ಲದ ಊರಿಲ್ಲ. ಕಡೆಗೆ ಆ ಮಾತೆಲ್ಲವೂ ಬಂದು ನಿಲ್ಲುವುದು ಸೊಸೆಯ ತಲೆಯ ಮೇಲೆ.

ವೈದ್ಯಶಾಸ್ತ್ರವು ಇದನ್ನು ಬೇರೆ ಬಗೆಯಾಗಿ ವಿಚಾರಿಸಿತು. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿದ್ವಾಂಸರು ರಕ್ತದಲ್ಲಿನ ಆರ್‌ಎಚ್ ಅಂಶವನ್ನು ಪ್ರಕಟಪಡಿಸಿದರು. ಮರುವರ್ಷ ಲೆವಿನ್ ಎಂಬವರು ಶಿಶುನಾಶಕ್ಕೂ ಅದಕ್ಕೂ ಇರುವ ಸಂಬಂಧವನ್ನು ವಿವರಿಸಿದರು. ತಾಯಿಯ ರಕ್ತದಲ್ಲಿಲ್ಲದ ಈ ಅಂಶವು ತಂದೆಯಿಂದ ಶಿಶುವಿಗೆ ಬರಬಹುದು. ಹೆರಿಗೆಯ ಕಾಲದಲ್ಲಿ ಶಿಶುವಿನ ರಕ್ತಕಣಗಳು ತಾಯಿಯ ರಕ್ತವನ್ನು ಸೇರಿದರೆ, ಅವಳ ದೇಹವು ಅವನ್ನು ಪರಕೀಯವೆಂದೆಣಿಸಿ ಪ್ರತಿಕಾಯಗಳನ್ನು ಸಿದ್ಧಪಡಿಸುವುದು. ಆದುದರಿಂದಲೇ ಸಾಮಾನ್ಯವಾಗಿ ಚೊಚ್ಚಲು ಉಳಿದು, ಮುಂದಿನ ಶಿಶುವಿಗೆ ಪೆಟ್ಟು ಬೀಳುವುದು. ರೋಗದಿಂದ ತಾಯಿಯನ್ನು ಕಾಯುವ ಶಕ್ತಿಯೇ ಇಲ್ಲಿ ಮಗುವನ್ನು ಕಾಡುವುದು. ಇದರಲ್ಲಿ ತಾಯಿಯ ಪಾಪವೂ ಇಲ್ಲ, ತಂದೆಯ ಪಾಪವೂ ಇಲ್ಲ.

ಹಾಗಾದರೆ ದೋಷವೆಂಬುದೇ ಇಲ್ಲವೆ? 1968ರಲ್ಲಿ ಆ್ಯಂಟಿ-ಡಿ ಎಂಬ ಚುಚ್ಚುಮದ್ದು ಬಳಕೆಗೆ ಬಂದಿತು. ಪ್ರತಿಕಾಯಗಳು ಹುಟ್ಟುವ ಮುನ್ನ, ಹೆರಿಗೆಯಾದ 72 ಗಂಟೆಗಳೊಳಗೆ ಅದನ್ನು ಕೊಟ್ಟರೆ ಮುಂದಿನ ಶಿಶುವಿಗೆ ರಕ್ಷೆ. ಗರ್ಭಸ್ರಾವವಾದಾಗಲೂ ವೈದ್ಯರನ್ನು ಕೇಳಬೇಕು. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪನ್ನು ಬರೆಯುವುದು ಇದಕ್ಕಾಗಿಯೂ ಹೌದು. ಮದ್ದನ್ನರಿಯದ ಕಾಲದ ನಷ್ಟವನ್ನು ವಿಧಿಯೆನ್ನಬಹುದು. ಅರಿತ ಮೇಲೂ ಅಲಕ್ಷ್ಯದಿಂದಾದ ನಷ್ಟವು ದೋಷವೇ ಸರಿ. ಆ ದೋಷವು ಸೊಸೆಯೊಬ್ಬಳದಲ್ಲ; ಆ ಕಾರ್ಡನ್ನು ಓದಬಲ್ಲವರಾಗಿದ್ದೂ ಓದದವರೆಲ್ಲರದು.