ಅದೇ ಮೆಟ್ಟಿಲು

ಕಳೆದ ವರ್ಷ ಆಫೀಸಿನವರು ಮಾಡಿಸುವ ವಾರ್ಷಿಕ ತಪಾಸಣೆಯಲ್ಲಿ ನನ್ನ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತಿದ್ದೀರಿ ಎಂದರ್ಥ. ಡಾಕ್ಟರು ಮಾತ್ರೆ ಬರೆಯಲಿಲ್ಲ. ದಿನಾ ನಡೆಯಿರಿ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಎಂದು ತೆಲುಗಿನಲ್ಲಿ ಹೇಳಿ ಕಳಿಸಿದರು. ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ ಐದನೇ ಮಹಡಿಯಲ್ಲಿದೆ. ಮರುದಿನದಿಂದಲೇ ಶುರು ಮಾಡಿದೆ.

ಎರಡನೇ ವಾರವಿರಬೇಕು. ಮೂರನೇ ಮಹಡಿಯ ತಿರುವಿನಲ್ಲಿ ಏದುಸಿರು ಬಿಡುತ್ತಾ ನಿಂತಿದ್ದೆ. ನಮ್ಮ ಬ್ಲಾಕಿನ ನಾಲ್ಕೈದು ಮನೆಗಳಲ್ಲಿ ಪಾತ್ರೆ ತೊಳೆದು ಕಸ ಗುಡಿಸುವ ಅಕ್ಕ ಕೆಳಗಿನಿಂದ ಬಂದರು. ಸೇಡಂ ಕಡೆಯವರು. ನಾನು ಸಿಂಧನೂರಿನವನು ಎಂದು ಗೊತ್ತಾದ ದಿನದಿಂದ ನನ್ನ ಜೊತೆ ಅವರದು ಕನ್ನಡವೇ.

"ಯಾಕ್ರೀ ಅಣ್ಣಾರ, ಲಿಫ್ಟ್ ಬಂದ್ ಆಗ್ಯಾದೇನ್ರಿ?"

"ಇಲ್ಲಕ್ಕ, ಆರೋಗ್ಯಕ್ಕ ಅಂತ ಹತ್ತಾಕತ್ತೀನಿ. ಡಾಕ್ಟರ್ ಹೇಳ್ಯಾರ."

ಅವರು ಗೋಡೆಗೆ ಕೈಯಾನಿಸಿ ನಕ್ಕರು. "ಹಂಗಾದ್ರ ನನ್ನಷ್ಟು ಆರೋಗ್ಯದಾಕಿ ಈ ಊರಾಗ ಯಾರೂ ಇರಬಾರದ್ರಿ." ಹಾಗಂದು ಬಲ ಮೊಣಕಾಲನ್ನು ಒತ್ತಿಕೊಂಡು ನನಗಿಂತ ಮುಂದೆ ಹತ್ತಿಹೋದರು.

ಅವರದು ಬರೀ ತಮಾಷೆಯ ಮಾತಾಗಿದ್ದರೆ ನಾನೂ ಮರೆಯುತ್ತಿದ್ದೆ. ಆದರೆ ಅದು ಪ್ರಶ್ನೆಯಾಗಿ ಕೂತುಬಿಟ್ಟಿತು. ನಾನು ದಿನಕ್ಕೆ ಎರಡು ಸಲ ಹತ್ತುವ ಮೆಟ್ಟಿಲನ್ನು ಅವರು ಆರೇಳು ಸಲ ಹತ್ತುತ್ತಾರೆ. ಮೂರು ತಿಂಗಳಲ್ಲಿ ನನ್ನ ಸಕ್ಕರೆ 5.8ಕ್ಕೆ ಇಳಿಯಿತು, ಅವರ ಮೊಣಕಾಲಿನ ಊತ ಹೆಚ್ಚಾಯಿತು. ಆಫೀಸಿನಲ್ಲಿ ಎಲ್ಲರೂ ನನ್ನ ಶಿಸ್ತನ್ನು ಹೊಗಳಿದರು. ಅವರನ್ನು ಯಾರೂ ಶಿಸ್ತಿನ ಹೆಂಗಸು ಅನ್ನಲಿಲ್ಲ. ಕಾಲು ನೋವೆಂದು ಎರಡು ದಿನ ಬರದಿದ್ದಾಗ ವಾಟ್ಸಾಪ್ ಗುಂಪಿನಲ್ಲಿ "ಈ ಜನಕ್ಕೆ ನೆಪ ಬೇಕು" ಎಂದು ಬಂತು.

ವ್ಯಾಯಾಮ ಹೃದಯಕ್ಕೆ ಒಳ್ಳೆಯದೆಂಬ ಆಧುನಿಕ ತಿಳಿವಳಿಕೆ ಹುಟ್ಟಿದ್ದೇ ಒಂದು ರೀತಿಯಲ್ಲಿ ಮೆಟ್ಟಿಲಿನ ಮೇಲೆ, ಅದೂ ದುಡಿಯುವವರನ್ನು ನೋಡಿ. ಜೆರೆಮಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಬಹಳ ಕಡಿಮೆ ಇತ್ತು. ಮಾರಿಸ್ ಪ್ರಾಮಾಣಿಕ ಮನುಷ್ಯ. ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿ, ಡ್ರೈವರುಗಳ ಸೊಂಟ ಮೊದಲಿನಿಂದಲೂ ದೊಡ್ಡದಿತ್ತು ಎಂದು 1956ರಲ್ಲಿ ಅವರ ತಂಡವೇ ಬರೆಯಿತು. ಅಂದರೆ ಎಲ್ಲ ಕೀರ್ತಿಯೂ ಮೆಟ್ಟಿಲಿನದಲ್ಲ. ಅವರು ತಾವೂ ವ್ಯಾಯಾಮ ಬಿಡದೆ 99 ವರ್ಷ ಬದುಕಿದರು.

ಹಾಗಾದರೆ ಅಕ್ಕನ ಮಾತೇ ಸರಿಯಾಗಬೇಕಿತ್ತಲ್ಲ? ಇಲ್ಲಿ ಕತೆ ತಿರುಗುತ್ತದೆ. 2021ರಲ್ಲಿ ಡೆನ್ಮಾರ್ಕಿನ ಆಂದ್ರೆಯಾಸ್ ಹೊಲ್ಟರ್ಮನ್ ಮತ್ತು ಸಂಗಡಿಗರು ಕೋಪನ್‌ಹೇಗನ್ನಿನ ಲಕ್ಷಕ್ಕೂ ಹೆಚ್ಚು ಜನರ ಸುಮಾರು ಹತ್ತು ವರ್ಷಗಳ ಮಾಹಿತಿಯನ್ನು ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಹೆಚ್ಚು ಮೈ ದಣಿಸುವವರಿಗೆ ಹೃದಯಾಘಾತ, ಸಾವು ಎರಡೂ ಕಡಿಮೆ. ಕೆಲಸದಲ್ಲಿ ತೀರಾ ಹೆಚ್ಚು ಮೈ ದಣಿಸುವವರಿಗೆ ಎರಡೂ ಹೆಚ್ಚು, ಹೃದಯದ ತೊಂದರೆಯಂತೂ ಸುಮಾರು 35 ಶೇಕಡಾ ಹೆಚ್ಚು. ಸಿಗರೇಟು, ಓದು, ಆದಾಯ ಎಲ್ಲದರ ಲೆಕ್ಕ ಹಿಡಿದ ಮೇಲೂ ಹೀಗೆ. ಇದನ್ನೊಂದು ವಿರೋಧಾಭಾಸ ಎಂದೇ ಅವರು ಕರೆಯುತ್ತಾರೆ. ಎಲ್ಲ ಸಂಶೋಧಕರೂ ಒಪ್ಪಿಲ್ಲ, ವಾದ ನಡೆದಿದೆ. ಆದರೆ ಅವರು ಕೊಡುವ ಕಾರಣ ನನಗೆ ತಕ್ಷಣ ಅರ್ಥವಾಯಿತು. ನಾನು ಅರ್ಧ ಗಂಟೆ ಎದೆ ಬಡಿದುಕೊಳ್ಳುವಷ್ಟು ನಡೆದು ನಿಲ್ಲಿಸುತ್ತೇನೆ. ಆ ಹೊತ್ತಿನಲ್ಲಿ ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಆಮೇಲೆ ಕೂರುತ್ತೇನೆ, ಉಣ್ಣುತ್ತೇನೆ, ಮಲಗುತ್ತೇನೆ. ಸ್ನಾಯು ಗಟ್ಟಿಯಾಗುವುದು ದಣಿದಾಗಲ್ಲ, ದಣಿದ ಮೇಲೆ ಸುಧಾರಿಸಿಕೊಳ್ಳುವಾಗ. ಎಂಟು ಹತ್ತು ಗಂಟೆ ಬಗ್ಗಿ, ಎದ್ದು, ಭಾರ ಹೊತ್ತು ಮಾಡುವ ಕೆಲಸದಲ್ಲಿ ಏರಿದ ರಕ್ತದೊತ್ತಡ ಏರಿಯೇ ಇರುತ್ತದೆ, ಸುಧಾರಿಸಿಕೊಳ್ಳುವ ಹೊತ್ತು ಬರುವುದೇ ಇಲ್ಲ.

ಸುಶ್ರುತ ಸಂಹಿತೆಯಲ್ಲಿ ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದಿದೆ. ಎಷ್ಟು ಸರಳ ಮಾತು. ಆದರೆ ಅರ್ಧಕ್ಕೆ ನಿಲ್ಲಿಸುವ ಅಧಿಕಾರ ಯಾರಿಗಿರುತ್ತದೆ? ನಮ್ಮವ್ವ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಗದ್ದೆಗಳಲ್ಲಿ ಇಪ್ಪತ್ತು ವರ್ಷ ನಾಟಿ ಮಾಡಿದಳು. ಸಾಲು ಮುಗಿಯುವ ತನಕ ಸೊಂಟ ನೆಟ್ಟಗೆ ಮಾಡುವ ಹಾಗಿರಲಿಲ್ಲ. ಈಗ ನೆಲದ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಮೊನ್ನೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಮ್ಮ ಎಂದಾಗ ನನ್ನ ಕಡೆ ತಿರುಗಿ, "ಏನಂದ್ರಪ್ಪ, ಮತ್ತ ನಾಟಿ ಹಚ್ಚಂತಾರೇನು?" ಎಂದಳು. ವೈದ್ಯರು ಹೇಳಿದ್ದು ತಪ್ಪಲ್ಲ, ತೊಡೆಯ ಸ್ನಾಯು ಬಲವಾದರೆ ಮೊಣಕಾಲಿನ ಹೊರೆ ಇಳಿಯುತ್ತದೆ. ಆದರೆ ಅವ್ವನ ಪದಕೋಶದಲ್ಲಿ ಕೆಲಸವೂ ಅಲ್ಲದ, ವಿಶ್ರಾಂತಿಯೂ ಅಲ್ಲದ ಅಂಥದೊಂದು ಸಂಗತಿಗೆ ಜಾಗವೇ ಇಲ್ಲ.

ಅಮೆರಿಕದ ಒಂದು ಪ್ರಯೋಗ ಬಹಳ ಪ್ರಸಿದ್ಧ. 2007ರಲ್ಲಿ ಆಲಿಯಾ ಕ್ರಮ್ ಮತ್ತು ಎಲೆನ್ ಲ್ಯಾಂಗರ್ ಹೋಟೆಲಿನ ಕೋಣೆ ಶುಚಿ ಮಾಡುವ 84 ಮಹಿಳೆಯರಲ್ಲಿ ಒಂದು ಗುಂಪಿಗೆ "ನೀವು ಮಾಡುವ ಕೆಲಸವೇ ಒಳ್ಳೆಯ ವ್ಯಾಯಾಮ" ಎಂದು ತಿಳಿಸಿದರು. ನಾಲ್ಕು ವಾರದಲ್ಲಿ ಆ ಗುಂಪಿನವರ ತೂಕ, ರಕ್ತದೊತ್ತಡ ತುಸು ಇಳಿದಿತ್ತಂತೆ. ನಂಬಿಕೆ ಮೈಯ ಮೇಲೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಓದಿದಾಗ ಮುಜುಗರವಾಯಿತು. ನಮ್ಮ ಅಸೋಸಿಯೇಷನ್ನಿನ ಕೈಗೆ ಇದು ಸಿಕ್ಕರೆ ಸಾಕು, ಮೆಟ್ಟಿಲ ಬಳಿ ಒಂದು ಪೋಸ್ಟರ್ ಅಂಟಿಸಿ ಕೈ ತೊಳೆದುಕೊಂಡಾರು.

ಆರೋಗ್ಯವೆಂದರೆ ದುಡಿದು ಗಳಿಸಿದ ಗುಣ ಎಂಬ ನಮ್ಮ ನಂಬಿಕೆ ಎಷ್ಟು ತೆಳು ಎಂಬುದು 2021ರ ಅಕ್ಟೋಬರ್ 29ರಂದು ನಮಗೆಲ್ಲ ಗೊತ್ತಾಗಿತ್ತು. ಪುನೀತ್ ರಾಜ್‌ಕುಮಾರ್ ಅವರಿಗೆ ಆಗ 46. ಅಂಥ ಕಸರತ್ತಿನ ದೇಹ. ಇಲ್ಲಿ ಹೈಟೆಕ್ ಸಿಟಿಯ ಕ್ಯಾಂಟೀನಿನಲ್ಲಿ ನಾವು ನಾಲ್ಕು ಕನ್ನಡಿಗರು ಊಟ ಬಿಟ್ಟು ಕೂತಿದ್ದೆವು. ಮರುವಾರವೇ ಒಬ್ಬ ಜಿಮ್ ಬಿಟ್ಟ, ಇನ್ನೊಬ್ಬ ಜಿಮ್ ಸೇರಿದ. ಇಬ್ಬರೂ ಯಾರದೋ ತಪ್ಪು ಹುಡುಕುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಸಾವಿಗೊಂದು ತಪ್ಪು ಸಿಕ್ಕರೆ ಉಳಿದವರಿಗೆ ನೆಮ್ಮದಿ.

ಹಾಗೆಂದು ನಾನು ಮೆಟ್ಟಿಲು ಬಿಡಬೇಕೆ? ಅದು ಬೂಟಾಟಿಕೆಯಾಗುತ್ತದೆ. ವಾರಕ್ಕೆ 150ರಿಂದ 300 ನಿಮಿಷ ಮೈ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನನ್ನಂಥ ಕುರ್ಚಿಯವರಿಗೆ ಸರಿಯಾದ ಮಾತೇ. ನನಗೆ ಚುಚ್ಚುವುದು ಆ ನಿಮಿಷಗಳ ಮೂಲ. ಸಂಜೆ ನಾನು ನಡೆಯುವ ಮುಕ್ಕಾಲು ಗಂಟೆ ಆಕಾಶದಿಂದ ಬಿದ್ದದ್ದಲ್ಲ. ನಮ್ಮನೆಯ ಪಾತ್ರೆ ತೊಳೆಯಲು ಬೇಕಿದ್ದ ಹೊತ್ತು ಅದು. ಅದನ್ನು ತಿಂಗಳಿಗಿಷ್ಟು ಎಂದು ಕೊಟ್ಟು ಆ ಅಕ್ಕನಿಂದ ಕೊಂಡಿದ್ದೇನೆ. ಕಾಯ, ಕಾಯಕ ಎರಡೂ ಒಂದೇ ಬೇರಿನ ಮಾತುಗಳು ಎಂದು ಶಾಲೆಯಲ್ಲಿ ಕಲಿತಿದ್ದೆವು. ನಮ್ಮ ಮನೆಯಲ್ಲಿ ಕಾಯ ನನ್ನದು, ಕಾಯಕ ಅವರದು ಎಂದು ಹಂಚಿಕೆಯಾಗಿದೆ.

ಇನ್ನೊಂದು ವಿಷಯವನ್ನು ಇಲ್ಲಿಯವರೆಗೂ ಮುಂದೂಡಿದೆ. ಅಕ್ಕ ಮೆಟ್ಟಿಲು ಹತ್ತುವುದು ಲಿಫ್ಟ್ ಇಲ್ಲದೆ ಅಲ್ಲ. ನಮ್ಮಲ್ಲಿ ಎರಡು ಲಿಫ್ಟ್ ಇವೆ. ಕೆಲಸದವರಿಗೆ, ಡೆಲಿವರಿಯವರಿಗೆ ಇರುವುದು ಆಗಾಗ ಕೆಡುತ್ತದೆ, ಕೆಟ್ಟರೆ ವಾರಗಟ್ಟಲೆ. ಇನ್ನೊಂದರಲ್ಲಿ ಅವರು ಕಾಲಿಡುವಂತಿಲ್ಲ. ಇದೇ ಹೈದರಾಬಾದಿನ ಒಂದು ಸೊಸೈಟಿ ಹಾಗೆ ಲಿಫ್ಟ್ ಹತ್ತಿದವರಿಗೆ ಸಾವಿರ ರೂಪಾಯಿ ದಂಡವೆಂದು ಹಾಕಿದ ನೋಟಿಸು 2023ರಲ್ಲಿ ಎಲ್ಲೆಡೆ ಹರಿದಾಡಿತ್ತು. ನಮ್ಮಲ್ಲಿ ದಂಡವಿಲ್ಲ, ನಿಯಮ ಅದೇ. ಅದನ್ನು ಮಾಡಿದ ಸಭೆಯಲ್ಲಿ ನಾನಿದ್ದೆ. ಕೈ ಎತ್ತಲಿಲ್ಲ, ಬೇಡವೆನ್ನಲೂ ಇಲ್ಲ. ಸಮೋಸ ತಿನ್ನುತ್ತಿದ್ದೆ.

ಹೋದ ತಿಂಗಳು, "ಬರ್ರಿ ಅಕ್ಕ, ನನ್ನ ಜೋಡಿ ಲಿಫ್ಟಿನಾಗ ಹೋಗೂಣು" ಎಂದು ಕರೆದೆ. ಅವರು ಮೇಲಿನ ಮೂಲೆಗೆ ಕಣ್ಣು ತೋರಿಸಿದರು. "ಬ್ಯಾಡ್ರಿ ಅಣ್ಣಾರ, ಕ್ಯಾಮೆರಾ ಅದ. ನಿಮಗ ಯಾರೂ ಏನೂ ಅನ್ನಂಗಿಲ್ಲ. ನನ್ನ ನಾಕು ಮನಿ ಹೋಗ್ತಾವ." ಇಬ್ಬರೂ ಮೆಟ್ಟಿಲಿನಲ್ಲೇ ಹೋದೆವು. ಇಳಿಯುವುದೇ ಹೆಚ್ಚು ನೋವು ಎಂದರು. ಅದು ನಿಜ, ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಮೇಲೆ ಮೈಭಾರದ ಮೂರು ಪಟ್ಟಿಗೂ ಹೆಚ್ಚು ಹೊರೆ ಬೀಳುತ್ತದೆ. ಅದನ್ನು ಅವರಿಗೆ ಹೇಳಲಿಲ್ಲ.

ಬರುವ ಭಾನುವಾರ ಅಸೋಸಿಯೇಷನ್ ಸಭೆ ಇದೆ. ಕಾರ್ಯಸೂಚಿಯಲ್ಲಿ ಮೊದಲ ವಿಷಯ ಜಿಮ್ಮಿಗೆ ಎರಡು ಹೊಸ ಟ್ರೆಡ್‌ಮಿಲ್. ಲಿಫ್ಟಿನ ನಿಯಮ ತೆಗೆಯುವ ವಿಷಯವನ್ನೂ ಸೇರಿಸಿ ಎಂದು ಸೆಕ್ರೆಟರಿಗೆ ಬರೆದಿದ್ದೇನೆ. ನೀಲಿ ಗೆರೆ ಬಂದು ಎರಡು ದಿನವಾಯಿತು, ಉತ್ತರ ಬಂದಿಲ್ಲ.