ನಾಲ್ಕನೆಯ ಟ್ರ್ಯಾಕು

ಬೆಳಗಿನ ಐದೂಮುಕ್ಕಾಲು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಹೀಟರಿನ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ತುದಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಟೇಪ್ ರೆಕಾರ್ಡರಿನ ಮೂರು ಹೆಡ್‌ಗಳನ್ನು ಒರೆಸುತ್ತೇನೆ: ಮೊದಲು ಅಳಿಸುವುದು, ಆಮೇಲೆ ಬರೆಯುವುದು, ಕೊನೆಗೆ ಓದುವುದು. ಟೇಪು ಹಾಯುವ ದಾರಿಯಲ್ಲಿ ಅವು ಕೂತಿರುವ ಕ್ರಮವೂ ಅದೇ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಂತರೆ ಕೆಲಸ ಮುಗಿಯಿತು. ಅಜ್ಜಿ ಹುಣಸೆಹಣ್ಣು ಹಚ್ಚಿ ಪೂಜೆಯ ಪಾತ್ರೆ ತಿಕ್ಕುತ್ತಿದ್ದದ್ದು ನೆನಪಾಗುತ್ತದೆ. ಆ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ; ಯಂತ್ರಕ್ಕೆ ವರ್ಷಕ್ಕೊಂದು ಆಯುಧಪೂಜೆ ಸಾಕು.

ಯಂತ್ರದ ಹೆಸರು ಟೀಯಾಕ್ ಎ-3340ಎಸ್. 1970ರ ದಶಕದ ಜಪಾನಿ ತಯಾರಿಕೆ. ಕಾಲು ಅಂಗುಲ ಅಗಲದ ಟೇಪಿನ ಮೇಲೆ ನಾಲ್ಕು ಟ್ರ್ಯಾಕು. ಒಂದೊಂದಕ್ಕೂ ಒಂದು ಮಿಲಿಮೀಟರಿನ ಆಸುಪಾಸು ಜಾಗ, ನಡುವೆ ಗದ್ದೆಯ ಬದುವಿನಂತೆ ಖಾಲಿ ಪಟ್ಟಿ. ಸೆಕೆಂಡಿಗೆ 15 ಅಂಗುಲ ವೇಗದಲ್ಲಿ ಓಡಿಸಿದರೆ ಹತ್ತೂವರೆ ಅಂಗುಲದ ರೀಲಿನಲ್ಲಿರುವ 2500 ಅಡಿ ಟೇಪು 33 ನಿಮಿಷಕ್ಕೆ ಖಾಲಿ. ದೊಡ್ಡ ಸ್ಟುಡಿಯೋಗಳಲ್ಲಿ ಆಗಲೇ ಎರಡು ಅಂಗುಲ ಅಗಲದ ಟೇಪು, ಹದಿನಾರು ಟ್ರ್ಯಾಕು ಬಂದಿದ್ದವು. ಅವುಗಳ ಪಕ್ಕದಲ್ಲಿ ಇದು ಬಡವ. ಆದರೆ ಮಲಗುವ ಕೋಣೆಯಲ್ಲೋ ಗ್ಯಾರೇಜಿನಲ್ಲೋ ಒಬ್ಬನೇ ಕೂತು, ಒಂದೊಂದೇ ವಾದ್ಯ ನುಡಿಸುತ್ತ ಇಡೀ ಹಾಡು ಕಟ್ಟುವುದನ್ನು ಮನೆಮಂದಿಗೆ ಎಟುಕಿಸಿದ ಯಂತ್ರಗಳಲ್ಲಿ ಇದೂ ಒಂದು.

ಕೊಂಡದ್ದು ಮೂರು ವರ್ಷದ ಹಿಂದೆ, ಗಂಟೆಯ ದಾರಿಯಲ್ಲಿರುವ ಒಂದು ಗ್ಯಾರೇಜಿನಿಂದ. ಜಾಹೀರಾತಿನಲ್ಲಿ 'ಕೆಲಸ ಮಾಡುತ್ತದೆ' ಎಂದಿತ್ತು. ಹಳೆಯ ಟೇಪ್ ಯಂತ್ರ ಮಾರುವವರ ಬಾಯಲ್ಲಿ ಈ ಮಾತಿಗೆ ದೀಪ ಹೊತ್ತುತ್ತದೆ, ರೀಲು ತಿರುಗುತ್ತದೆ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಎತ್ತು ಕೊಳ್ಳುವವರು ಹಲ್ಲು ನೋಡುವಂತೆ ಇಲ್ಲಿ ಹೆಡ್ ನೋಡಬೇಕು. ಟೇಪು ಉಜ್ಜಿ ಉಜ್ಜಿ ಹೆಡ್ಡಿನ ಮುಖದಲ್ಲಿ ಚಪ್ಪಟೆಯಾದ ಒಂದು ಪಟ್ಟಿ ಮೂಡಿರುತ್ತದೆ. ಅದರ ಅಂಚಿಗೆ ಉಗುರು ಸಿಕ್ಕಿಕೊಂಡರೆ ಸವೆತ ಆಳಕ್ಕಿಳಿದಿದೆ ಎಂದು ತಿಳಿಯಬೇಕು. ಬಲ್ಲವರ ಕೈಯಲ್ಲಿ ಅರೆಯಿಸಿ ಸರಿಮಾಡಬಹುದು, ಆದರೆ ಎಷ್ಟು ಸಲ ಅರೆದೀತು ಲೋಹ? ಪಿಂಚ್ ರೋಲರಿನ ರಬ್ಬರನ್ನು ಒತ್ತಿ ನೋಡಬೇಕು. ಗಾಜಿನಂತೆ ಹೊಳೆಯಬಾರದು, ಬೆಲ್ಲದ ಪಾಕದಂತೆ ಬೆರಳಿಗೆ ಅಂಟಲೂಬಾರದು. ನಾಲ್ಕೂ ಟ್ರ್ಯಾಕಿನಲ್ಲಿ ಬೇರೆಬೇರೆಯಾಗಿ ಮುದ್ರಿಸಿ, ಕೇಳಿ, ಅಳಿಸಿ ನೋಡಬೇಕು. ಇದೆಲ್ಲ ಬಲ್ಲವನಂತೆ ಬರೆಯುತ್ತಿದ್ದೇನೆ, ನಿಜ. ಅಂದು ಇದರಲ್ಲಿ ಅರ್ಧವನ್ನೂ ನಾನು ಮಾಡಲಿಲ್ಲ. ಆ ದೊಡ್ಡ ರೀಲುಗಳು ಸುತ್ತುವುದನ್ನು ಬಾಯಿಬಿಟ್ಟು ನೋಡಿದೆ, ದುಡ್ಡು ಎಣಿಸಿ ಕೊಟ್ಟೆ, ಸುಮಾರು ಇಪ್ಪತ್ತು ಕಿಲೋ ತೂಗುವ ಅದನ್ನು ಕೂಸಿನಂತೆ ಅವಚಿಕೊಂಡು ಕಾರಿಗೆ ತಂದಿಟ್ಟೆ.

ಐವತ್ತು ವರ್ಷ ಬಾಳಿದ ಯಂತ್ರಕ್ಕೆ ನಾನು ಒಡೆಯ ಎಂದುಕೊಳ್ಳುವುದು ಸ್ವಲ್ಪ ಧಾರ್ಷ್ಟ್ಯದ ಮಾತು. ಯಾರು ಯಾರ ಸೇವೆ ಮಾಡುವುದು ಎಂಬುದು ಹಸು ಸಾಕಿದವರಿಗೆ ಚೆನ್ನಾಗಿ ತಿಳಿದಿರುತ್ತದೆ. ಬೆಸುಗೆ ಹಾಕುವುದನ್ನು ಕಲಿತೆ. ಹೆಡ್ಡುಗಳಲ್ಲಿ ತಾನೇತಾನಾಗಿ ಕೂಡಿಕೊಳ್ಳುವ ಕಾಂತತ್ವವನ್ನು ಆಗಾಗ ಇಳಿಸುವುದನ್ನು ಕಲಿತೆ. ಹೊಸ ಟೇಪು ತಯಾರಿಸುವವರು ಫ್ರಾನ್ಸಿನಲ್ಲಿ, ಅಮೆರಿಕದಲ್ಲಿ ಈಗಲೂ ಇದ್ದಾರೆ ಎನ್ನುವುದು ಸಮಾಧಾನ. ಒಂದು ರೀಲಿನ ದುಡ್ಡಿಗೆ ಮನೆಗೆ ವಾರದ ತರಕಾರಿ ಬರುತ್ತದೆ ಎನ್ನುವುದು ಹೆಂಡತಿಯ ಟಿಪ್ಪಣಿ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಟೇಪಿನ 'ಬೆಚ್ಚನೆಯ ದನಿ' ಎಂಬ ಸಿದ್ಧ ಉತ್ತರವೊಂದಿದೆ. ಜೋರು ದನಿಯ ಮೊನೆಗಳನ್ನು ಟೇಪು ತುಸು ಮೊಂಡಾಗಿಸುವುದು ನಿಜವೇ. ಆದರೆ ಅದನ್ನು ಇವತ್ತು ತಂತ್ರಾಂಶವೂ ನನ್ನ ಕಿವಿಗೆ ವ್ಯತ್ಯಾಸ ತಿಳಿಯದಷ್ಟು ಚೆನ್ನಾಗಿ ಅನುಕರಿಸುತ್ತದೆ. ಆ ಉತ್ತರವನ್ನು ನಾನು ಕೊಡುವುದು ಬಿಟ್ಟಿದ್ದೇನೆ. ನನ್ನ ಕಾರಣ ಬೇರೆ, ಅದು ಯಂತ್ರದ ಜೊತೆಯಲ್ಲೇ ಬಂದ ಒಂದು ರೀಲಿನಲ್ಲಿತ್ತು.

ಮಾರಿದಾತ ಆ ರೀಲು ತನ್ನದಲ್ಲ, ತಾನು ಕೊಂಡಾಗಲೇ ಯಂತ್ರದ ಮೇಲಿತ್ತು ಎಂದ. ರಟ್ಟಿನ ಡಬ್ಬಿಯ ಬೆನ್ನಲ್ಲಿ ಪೆನ್ಸಿಲಿನಿಂದ ಬರೆದ ನಾಲ್ಕು ಸಾಲು: ಒಂದು, ಡ್ರಮ್ಸ್. ಎರಡು, ಬಾಸ್. ಮೂರು, ಗಿಟಾರ್. ನಾಲ್ಕು, ಹಾಡು. ತಾರೀಖಿಲ್ಲ, ಹೆಸರಿಲ್ಲ. ಓಡಿಸಿದರೆ ಟೇಪು ಕಿರ್ರೆಂದು ಚೀರಿತು, ಹೆಡ್ಡುಗಳ ಮೇಲೆ ಕಂದು ಗಸಿ ಮೆತ್ತಿಕೊಂಡಿತು, ರೀಲು ತೇಕುತ್ತ ನಿಂತೇಬಿಟ್ಟಿತು. ಟೇಪೆಂದರೆ ಎಷ್ಟಾದರೂ ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ತುಕ್ಕಿನ ಪುಡಿ. (ಕಾಗದದ ಪಟ್ಟಿಗೆ ಕಾಂತ ಗುಣದ ಪುಡಿ ಬಳಿದು ಅದರಲ್ಲಿ ದನಿ ಹಿಡಿಯಬಹುದೆಂದು 1928ರಲ್ಲಿ ತೋರಿಸಿಕೊಟ್ಟ ಫ್ರಿಟ್ಸ್ ಫ್ಲಾಯ್ಮರ್ ಅದಕ್ಕೂ ಮುಂಚೆ ಸಿಗರೇಟಿನ ಕಾಗದಕ್ಕೆ ಲೋಹದ ಪಟ್ಟಿ ಹಚ್ಚುವ ವಿಧಾನ ಕಂಡುಹಿಡಿದಿದ್ದ.) ಎಪ್ಪತ್ತು, ಎಂಬತ್ತರ ದಶಕಗಳ ಹಲವು ಟೇಪುಗಳಲ್ಲಿ ಪುಡಿಯನ್ನು ಹಿಡಿದಿಡುವ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ. ಮದ್ದು ವಿಚಿತ್ರ: ಟೇಪನ್ನು ಬೇಯಿಸಬೇಕು. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂಟು ಗಂಟೆಯ ಕಾಲ, ಆಗಾಗ ಮಗುಚುತ್ತ. ಇನ್ನೂ ಹಳೆಯದಾದ ಅಸಿಟೇಟ್ ಟೇಪಿಗೆ ಮಾತ್ರ ಈ ಚಿಕಿತ್ಸೆ ಮಾಡಲೇಬಾರದು, ಅದು ಹಾಳಾಗಿಹೋಗುತ್ತದೆ.

ಹೆಂಡತಿ ಸಂಡಿಗೆ ಒಣಗಿಸಲು ಕೊಂಡಿದ್ದ ಡೀಹೈಡ್ರೇಟರಿನಲ್ಲಿ ಆ ರೀಲು ಒಂದು ಶನಿವಾರವಿಡೀ ಕೂತಿತ್ತು. ಆ ಪೆಟ್ಟಿಗೆಯಲ್ಲಿ ಇನ್ನು ಸಂಡಿಗೆ ಇಡುವುದಿಲ್ಲ ಎಂದು ಅವಳು ಅಂದೇ ಹೇಳಿದಳು, ಮಾತು ಉಳಿಸಿಕೊಂಡಿದ್ದಾಳೆ.

ಹೀಗೆ ಬೇಯಿಸಿದ ಟೇಪಿಗೆ ಸಿಗುವ ಮರುಜೀವ ಕೆಲವು ವಾರಗಳದ್ದು. ಮತ್ತೆ ತೇವ ಹೀರುವ ಮೊದಲು ಅದರಲ್ಲಿರುವುದನ್ನು ಬೇರೆಡೆಗೆ ಇಳಿಸಿಕೊಳ್ಳಬೇಕು. ಇಂಥದೇ ಒಂದು ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಟ್ರ್ಯಾಕು ಕೇಳಿದೆ. ಡ್ರಮ್ಸ್ ಸಾಧಾರಣ. ಬಾಸ್ ನುಡಿಸಿದಾತನ ಬೆರಳಲ್ಲಿ ಲಯ ಗಟ್ಟಿಯಾಗಿತ್ತು. ಗಿಟಾರು ಎರಡನೆಯ ಚರಣದಲ್ಲಿ ಒಂದು ಕಡೆ ತಪ್ಪಿ, ತಪ್ಪಿದ್ದನ್ನೇ ಮುಂದಿನ ಸಲವೂ ಬೇಕೆಂದೇ ನುಡಿಸಿ ಅದನ್ನು ಹಾಡಿನದೇ ಮಾಡಿಕೊಂಡಿತ್ತು. ಆಮೇಲೆ ನಾಲ್ಕನೆಯದಕ್ಕೆ ಬಂದೆ. ಅದು ಖಾಲಿ ಎಂದುಕೊಂಡೆ. ಪಕ್ಕದ ಟ್ರ್ಯಾಕಿನ ಗಿಟಾರು ಬದು ದಾಟಿದ ನೀರಿನಂತೆ ತೀರ ಸಣ್ಣಗೆ ಜಿನುಗುತ್ತಿತ್ತು. ಆದರೆ ಅದರ ಹಿಂದೆ ಒಂದು ಕೋಣೆ ಇತ್ತು. ಕುರ್ಚಿಯ ಮರ ಕಿರುಗುಟ್ಟಿತು. ಯಾರದೋ ಹೆಡ್‌ಫೋನಿನಿಂದ ಸೋರುವ ತಾಳ. ಹಾಡು ಎತ್ತಿಕೊಳ್ಳಬೇಕಾದ ಜಾಗದಲ್ಲಿ ಉಸಿರನ್ನು ಒಳಗೆಳೆದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿತು. ದನಿ ಬರಲಿಲ್ಲ. ಮೂರು ನಿಮಿಷದ ಆ ಹಾಡು ಮುಗಿಯುವವರೆಗೂ ಯಾರೋ ಮೈಕಿನ ಮುಂದೆ ಸುಮ್ಮನೆ ಕೂತಿದ್ದರು. ಕೊನೆಗೆ ಗುಂಡಿ ಒತ್ತಿದ ಟಕ್ ಸದ್ದು.

ಪದ ಸಿದ್ಧವಿರಲಿಲ್ಲವೋ, ಗಂಟಲು ಕಟ್ಟಿತ್ತೋ. ನಾನು ಕತೆ ಕಟ್ಟಲು ಹೋಗಲಿಲ್ಲ. ಆದರೆ ಅವತ್ತಿನಿಂದ ಈ ಯಂತ್ರದ ಬಗ್ಗೆ ನನ್ನ ಯೋಚನೆ ಆ ಟ್ರ್ಯಾಕಿನ ಸುತ್ತಲೇ ತಿರುಗುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿರುವ ತಂತ್ರಾಂಶ ಕೇಳಿದಷ್ಟು ಟ್ರ್ಯಾಕು ಕೊಡುತ್ತದೆ, ಎಷ್ಟು ಸಲ ಬೇಕಾದರೂ ಹಾಡಲು ಬಿಡುತ್ತದೆ, ಯಾವುದನ್ನೂ ಮರೆಯುವುದಿಲ್ಲ. ಅದನ್ನು ಬಯ್ಯಲಾರೆ, ಆ ರೀಲನ್ನು ಉಳಿಸಿಕೊಂಡದ್ದೂ ಅದರಲ್ಲೇ. ಆದರೆ ಅಲ್ಲಿ ಖಾಲಿ ಎಂಬುದೇ ಇಲ್ಲ. ಊಟಕ್ಕೆ ಎಲೆ ಹಾಕಿದ ಮೇಲೆ ತಾನೇ ಯಾರು ಬಂದಿಲ್ಲ ಎಂದು ತಿಳಿಯುವುದು? ನಾಲ್ಕೇ ಎಲೆ ಹಾಕಿ, ಮೂವರು ಉಂಡು, ಒಂದು ಎಲೆ ಹಾಗೇ ಉಳಿದರೆ ಅದು ಕಣ್ಣಿಗೆ ಕುಕ್ಕುತ್ತದೆ. ಲೆಕ್ಕವಿಲ್ಲದ ಎಲೆ ಹಾಸಿದಲ್ಲಿ ಬಾರದವರ ನೆನಪಾಗುವುದು ಕಷ್ಟ. ಆ ಅಪರಿಚಿತ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರೆ ಆ ಮೂರು ನಿಮಿಷವನ್ನು ಒಂದು ಗುಂಡಿಯೊತ್ತಿ ತೆಗೆದುಹಾಕುತ್ತಿದ್ದ ಎಂದೇ ನನಗೆ ಅನ್ನಿಸುತ್ತದೆ.

ಹಾಗೆಂದು ಟೇಪು ಕರುಣಾಳುವೂ ಅಲ್ಲ. 1951ರಲ್ಲಿ ಲೆಸ್ ಪಾಲ್ ಮತ್ತು ಮೇರಿ ಫೋರ್ಡ್ ಜೋಡಿಯ 'ಹೌ ಹೈ ದ ಮೂನ್' ಅಮೆರಿಕವನ್ನು ಕುಣಿಸಿತಲ್ಲ, ಅದನ್ನು ಅವರು ಕಟ್ಟಿದ್ದು ದನಿಯ ಮೇಲೆ ದನಿ ಪೇರಿಸಿ. ಹಳೆಯ ಪದರ ಹೊಸದರೊಂದಿಗೆ ಬೆರೆತು ಮತ್ತೆ ಮುದ್ರಣವಾಗುತ್ತಿತ್ತು, ಮೂಲ ಅಳಿಸಿಹೋಗುತ್ತಿತ್ತು. ಕೊನೆಯ ಪದರದಲ್ಲಿ ನಾಲಿಗೆ ತಪ್ಪಿದರೆ ಮೊದಲಿನಿಂದ ಕಟ್ಟಬೇಕು. ಮುಂದೆ ಆಂಪೆಕ್ಸ್ ಕಂಪನಿ 1957ರಲ್ಲಿ ಲೆಸ್ ಪಾಲ್‌ಗೆಂದು ಎಂಟು ಟ್ರ್ಯಾಕಿನ ಯಂತ್ರವೊಂದನ್ನು ಮಾಡಿಕೊಟ್ಟಿತು. ಅಲ್ಲಿ ಬಿಡಿಸಬೇಕಿದ್ದ ತೊಡಕು ತಮಾಷೆಯದು. ಬರೆಯುವ ಹೆಡ್ಡಿಗೂ ಓದುವ ಹೆಡ್ಡಿಗೂ ಒಂದೂವರೆ ಅಂಗುಲ ಅಂತರವಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 15 ಅಂಗುಲದ ಓಟದಲ್ಲಿ ಅದು ಸೆಕೆಂಡಿನ ಹತ್ತನೆಯ ಒಂದು ಭಾಗ. ನಿನ್ನೆ ನುಡಿಸಿದ್ದನ್ನು ಓದುವ ಹೆಡ್ಡಿನಿಂದ ಕೇಳುತ್ತ ಇವತ್ತು ಹಾಡಿದರೆ, ಇವತ್ತಿನ ಹಾಡು ಟೇಪಿನ ಮೇಲೆ ಅಷ್ಟು ದೂರ ಹಿಂದೆ ಬೀಳುತ್ತದೆ. ಪರಿಹಾರ: ಬರೆಯುವ ಹೆಡ್ಡನ್ನೇ ತಾತ್ಕಾಲಿಕವಾಗಿ ಓದಲು ಬಳಸುವುದು. ಆಂಪೆಕ್ಸ್ ಅದನ್ನು ಸೆಲ್-ಸಿಂಕ್ ಎಂದಿತು, ಟೀಯಾಕ್ ಸೈಮಲ್-ಸಿಂಕ್ ಎಂದಿತು. ಹಾಗೆ ಕೇಳಿಸಿಕೊಂಡ ದನಿ ತುಸು ಮಂಕಾಗಿರುತ್ತದೆ, ಕಂಬಳಿ ಹೊದ್ದಂತೆ. ಆದರೆ ನಿನ್ನೆಯ ನಾನು, ಇವತ್ತಿನ ನಾನು ಒಂದೇ ಸಮಕ್ಕೆ ಹಾಡುತ್ತೇವೆ.

ಆ ರೀಲಿನವನಿಗೂ ಹೆಡ್‌ಫೋನಿನಲ್ಲಿ ಕೇಳುತ್ತಿದ್ದದ್ದು ಹೀಗೆ ಕಂಬಳಿ ಹೊದ್ದ ತನ್ನದೇ ಗಿಟಾರು ಇದ್ದೀತು.

ಹೀಗೆ ಮನೆಯಲ್ಲೇ ಒಬ್ಬನೇ ಕೂತು ಹಾಡಿದ ಹೆಸರುವಾಸಿಯೂ ಒಬ್ಬನಿದ್ದಾನೆ. ಇಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದಾದ ಕೋಲ್ಟ್ಸ್ ನೆಕ್‌ನಲ್ಲಿ, 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತನ್ನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಕೂತು, ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕು ಹಿಡಿಯುವ ಪೋರ್ಟಾಸ್ಟುಡಿಯೋ 144ರಲ್ಲಿ ಒಂದಷ್ಟು ಹಾಡು ತುಂಬಿಕೊಂಡ. ಬ್ಯಾಂಡಿನವರಿಗೆ ತೋರಿಸಲು ಮಾಡಿದ ಕಚ್ಚಾ ಪ್ರತಿ ಅದು. ಆಮೇಲೆ ಸ್ಟುಡಿಯೋದಲ್ಲಿ ಎಷ್ಟು ತಿದ್ದಿದರೂ ಆ ಕ್ಯಾಸೆಟ್ಟಿನ ಗುಣ ಬರಲಿಲ್ಲ. ಕೊನೆಗೆ ಅದನ್ನೇ 'ನೆಬ್ರಾಸ್ಕ' ಎಂದು ಹೊರತಂದರು. ಈ ಕತೆಯನ್ನು ಹಳೆಯ ಯಂತ್ರ ಮಾರುವವರೆಲ್ಲ ಹೇಳುತ್ತಾರೆ, ಆ ಯಂತ್ರ ಕೊಂಡರೆ ಆ ಹಾಡೂ ಜೊತೆಗೇ ಬಂದುಬಿಡುತ್ತದೆ ಎಂಬ ಧಾಟಿಯಲ್ಲಿ.

ನನ್ನದು ಮಾತ್ರ 'ನಿತ್ಯೋತ್ಸವ' ಕ್ಯಾಸೆಟ್ಟು ಕೇಳಿ ಬೆಳೆದ ಕಿವಿ. ನಿವೃತ್ತಿಯಾದ ಮೇಲೆ ಮೈಸೂರಿಗೆ ಮರಳುವಾಗ ಯಂತ್ರವನ್ನೂ ಒಯ್ಯಬೇಕೆಂಬ ಆಸೆಯಿದೆ. ವೋಲ್ಟೇಜಿನ ಸಮಸ್ಯೆಯನ್ನು ಟ್ರಾನ್ಸ್‌ಫಾರ್ಮರ್ ಬಗೆಹರಿಸೀತು. ಆದರೆ ಟೇಪನ್ನು ಎಳೆಯುವ ಮೋಟಾರು ವಿದ್ಯುತ್ತಿನ ಆವರ್ತನಕ್ಕೆ ತಕ್ಕಂತೆ ತಿರುಗುವಂಥದು. ಇಲ್ಲಿ 60 ಹರ್ಟ್ಸ್, ಅಲ್ಲಿ 50. ಒಳಗಿನ ಗಾಲಿ ಬದಲಿಸದೆ ಅಲ್ಲಿ ಓಡಿಸಿದರೆ ಇಲ್ಲಿ ಮುದ್ರಿಸಿದ್ದೆಲ್ಲ ನಿಧಾನವಾಗುತ್ತದೆ, ಶ್ರುತಿ ಇಳಿಯುತ್ತದೆ. ಎಷ್ಟು? ಆರಕ್ಕೆ ಐದರ ಈ ಅಂತರ ನಮ್ಮ ಕಿವಿಗೆ ಹೊಸದೇನಲ್ಲ: ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ ಇಳಿದಷ್ಟು. ಎಡಿಸನ್ನಿನ ಗಾಂಧಾರ ಮೈಸೂರಿನಲ್ಲಿ ಷಡ್ಜವಾಗುತ್ತದೆ ಎಂಬುದು ಯಾಕೋ ಖುಷಿ ಕೊಟ್ಟಿತು. ಗಾಲಿ ಬದಲಿಸುವುದೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ.

ಇವತ್ತು ಆ ಹಳೆಯ ರೀಲನ್ನು ಎತ್ತಿಡುವ ದಿನ. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತತ್ವ ಮಗ್ಗುಲಿನ ಸುತ್ತಿಗೂ ಮೆಲ್ಲಗೆ ಹತ್ತುತ್ತದೆ. ಮೂರನೆಯ ಟ್ರ್ಯಾಕಿನಲ್ಲಿ ಗಿಟಾರು ಶುರುವಾಗುವ ಒಂದೆರಡು ಸೆಕೆಂಡು ಮೊದಲೇ ಅದರ ನೆರಳು ಕೇಳಿಸುತ್ತದೆ. ಬಾಗಿಲು ತಟ್ಟುವ ಮುಂಚೆ ಮೆಟ್ಟಿಲ ಮೇಲಿನ ಹೆಜ್ಜೆಯ ಹಾಗೆ. ಆದ್ದರಿಂದ ಬಲ್ಲವರು ಟೇಪನ್ನು ಮೊದಲಿಗೆ ತಿರುಗಿಸಿ ಸುತ್ತದೆ, ಕೊನೆ ಹೊರಗಿರುವಂತೆ ಇಡುತ್ತಾರೆ. ಆಗ ಗಟ್ಟಿಯಾದ ನೆರಳು ದನಿಯ ಹಿಂದೆ ಬೀಳುತ್ತದೆ, ದನಿಯಲ್ಲೇ ಮುಚ್ಚಿಹೋಗುತ್ತದೆ. ಧ್ವನಿಮುದ್ರಣದವರು ಇದನ್ನು ಬಾಲ ಹೊರಗೆ ಎನ್ನುತ್ತಾರೆ.

ರೀಲನ್ನು ಕೊನೆಯವರೆಗೆ, ನಿಧಾನದ ವೇಗದಲ್ಲಿ ಓಡಲು ಬಿಟ್ಟೆ. ಅವಸರವಾಗಿ ಸುತ್ತಿದರೆ ಪದರಗಳು ಮೇಲೆಕೆಳಗಾಗಿ ಅಂಚು ಮಡಿಯುತ್ತವೆ. ಕಿಟಕಿಯ ಸಣ್ಣ ಗಾಜಿನಲ್ಲಿ ಬೆಳಕು ಬಂತು. ಡಬ್ಬಿಯ ಬೆನ್ನಲ್ಲಿ, ಇಂಗ್ಲಿಷಿನ ಆ ನಾಲ್ಕು ಸಾಲಿನ ಕೆಳಗೆ ಪೆನ್ಸಿಲಿನಿಂದಲೇ 'ಬಾಲ ಹೊರಗೆ' ಎಂದು ಕನ್ನಡದಲ್ಲಿ ಬರೆದೆ. ನಾಲ್ಕನೆಯ ಸಾಲಿನ ಮುಂದೆ ಏನಾದರೂ ಬರೆಯಬೇಕೇ ಎಂದು ಪೆನ್ಸಿಲು ಹಿಡಿದೇ ಸ್ವಲ್ಪ ಹೊತ್ತು ಕೂತೆ. ಮೇಲೆ ಅಡುಗೆಮನೆಯಲ್ಲಿ ಕುಕ್ಕರು ಮೊದಲ ಸೀಟಿ ಹೊಡೆಯಿತು.